ಸಾಗುವಳಿದಾರನ ಆದಾಯವೂ ತೆರಿಗೆಯ ರಿಟರ್ನೂ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಭೂಮಾಲೀಕರಲ್ಲಿ ಒಂದು ಮಾತು ಬಲವಾಗಿ ಬೇರೂರಿದೆ. ಜಮೀನಿನಿಂದ ಬಂದ ಹಣಕ್ಕೆ ಆದಾಯ ತೆರಿಗೆಯಿಲ್ಲ, ಆದಕಾರಣ ರೈತನು ಯಾವ ರಿಟರ್ನನ್ನೂ ಸಲ್ಲಿಸಬೇಕಾಗಿಲ್ಲ ಎಂಬುದೇ ಆ ಮಾತು. ಇದರ ಮೊದಲರ್ಧವು ಬಹುಮಟ್ಟಿಗೆ ನಿಜವಾದುದು. ಎರಡನೆಯ ಅರ್ಧವನ್ನು ನಂಬಿ ಕುಳಿತವರು ನೋಟೀಸು ಬಂದ ಮೇಲೆ ಹಳೆಯ ರಸೀತಿಗಳಿಗಾಗಿ ಪೆಟ್ಟಿಗೆಗಳನ್ನು ತಡಕಾಡುವಂತಾಗುತ್ತದೆ.

ವ್ಯವಸಾಯದ ಆದಾಯದ ಮೇಲೆ ತೆರಿಗೆ ವಿಧಿಸುವ ಅಧಿಕಾರವನ್ನು ಸಂವಿಧಾನವು ರಾಜ್ಯಗಳಿಗೆ ಬಿಟ್ಟಿರುತ್ತದೆ. ಕೇಂದ್ರ ಸರಕಾರದ 1961ರ ಆದಾಯ ತೆರಿಗೆ ಕಾಯಿದೆಯು ಇದಕ್ಕೆ ವಿನಾಯಿತಿ ಕೊಟ್ಟಿತು. 2025ರ ಹೊಸ ಕಾಯಿದೆಯಲ್ಲಿಯೂ ಅದನ್ನು ಉಳಿಸಿಕೊಂಡಿದೆ. ರಾಗಿ, ದ್ರಾಕ್ಷಿ, ದೇವನಹಳ್ಳಿಯ ಚಕ್ಕೋತ ಇವುಗಳನ್ನು ಬೆಳೆದು ಮಾರಿದ ಹಣವು ಈ ವಿನಾಯಿತಿಗೆ ಸೇರತಕ್ಕದ್ದು. ನರ್ಸರಿಯಲ್ಲಿ ಬೆಳೆಸಿದ ಸಸಿಗಳ ಆದಾಯವೂ ಹಾಗೆಯೇ. ಆದರೆ ಹೊಲದ ಮನೆಯಲ್ಲಿ ಹುಟ್ಟಿದ ಹಣವೆಲ್ಲವೂ ಹೊಲದ ಹಣವಲ್ಲ.

ಇದಕ್ಕೆ ರೇಷ್ಮೆಯೇ ತಕ್ಕ ಉದಾಹರಣೆ. ಹಿಪ್ಪುನೇರಳೆ ಸೊಪ್ಪನ್ನು ಬೆಳೆಯುವುದು ವ್ಯವಸಾಯ. ಆ ಸೊಪ್ಪನ್ನು ಹುಳುಗಳಿಗೆ ತಿನ್ನಿಸಿ, ಚಂದ್ರಿಕೆಗೆ ಬಿಟ್ಟು, ಗೂಡನ್ನು ಮಾರುಕಟ್ಟೆಗೆ ಒಯ್ದು ಮಾರುವುದು ವ್ಯವಸಾಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿರುತ್ತದೆ. ಸೊಪ್ಪೇ ಮಾರಾಟವಾಗಬಲ್ಲ ಪದಾರ್ಥ, ಗೂಡು ಭೂಮಿಯ ಉತ್ಪನ್ನವಲ್ಲ ಎಂಬುದು ಅದರ ತರ್ಕ. ತಲೆಮಾರುಗಳಿಂದ ತೋಟವನ್ನೂ ಹುಳುವಿನ ಮನೆಯನ್ನೂ ಒಂದೇ ಕಸುಬೆಂದು ನಡೆಸಿಕೊಂಡು ಬಂದವರಿಗೆ ಈ ವಿಭಾಗವು ವಿಚಿತ್ರವಾಗಿ ತೋರುವುದು ಸಹಜವೇ. ಆದರೂ ಕಾನೂನು ಇಲ್ಲಿ ರೈತನಿಗೆ ಒಂದು ಅನುಕೂಲವನ್ನೂ ಇಟ್ಟಿದೆ: ಸ್ವಂತ ತೋಟದ ಸೊಪ್ಪಿಗೆ ಪೇಟೆಯ ಧಾರಣೆಯನ್ನು ಕಟ್ಟಿ ಗೂಡಿನ ಹುಟ್ಟುವಳಿಯಿಂದ ಕಳೆಯಬಹುದು. 2,00,000 ರೂಪಾಯಿಗೆ ಗೂಡು ಮಾರಿದವನ ಸೊಪ್ಪಿನ ಬೆಲೆ 90,000, ಮೊಟ್ಟೆ, ಕೂಲಿ ಮುಂತಾದ ಸಾಕಣೆಯ ಖರ್ಚು 50,000 ಎಂದಿಟ್ಟುಕೊಂಡರೆ ವ್ಯಾಪಾರದ ಲಾಭವು 60,000 ಮಾತ್ರ. ಸೊಪ್ಪಿನ 90,000 ರೂಪಾಯಿಯಲ್ಲಿ ತೋಟದ ಖರ್ಚು ಕಳೆದು ಉಳಿದುದು ವ್ಯವಸಾಯದ ಆದಾಯ. ಪ್ರತಿ ಬೆಳೆಗೂ ಎಷ್ಟು ಸೊಪ್ಪು ಕೊಯ್ದಿತು, ಆಗ ಊರಿನಲ್ಲಿ ಸೊಪ್ಪಿನ ಧಾರಣೆ ಏನಿತ್ತು ಎಂದು ಬರೆದಿಡದವನಿಗೆ ಈ ಅನುಕೂಲವು ದಕ್ಕುವುದು ಕಷ್ಟ. ಡೇರಿಗೆ ಹಾಕಿದ ಹಾಲಿನ ಹಣವೂ ಕೋಳಿ ಸಾಕಣೆಯ ಹಣವೂ ವ್ಯವಸಾಯದ ಆದಾಯಕ್ಕೆ ಸೇರವು.

ಇತರ ಆದಾಯವು ತೆರಿಗೆಯಿಲ್ಲದ ಮಿತಿಯೊಳಗಿದ್ದರೆ ಸಾಮಾನ್ಯವಾಗಿ ರಿಟರ್ನಿನ ಅವಶ್ಯಕತೆಯಿಲ್ಲ. ಆದರೆ ಠೇವಣಿಯ ಬಡ್ಡಿಯಲ್ಲಿ ಬ್ಯಾಂಕು ಮುರಿದುಕೊಂಡ ತೆರಿಗೆಯನ್ನು ಹಿಂದಕ್ಕೆ ಪಡೆಯಲು ರಿಟರ್ನು ಬೇಕೇ ಬೇಕು. ಇತರ ಆದಾಯವು ಮಿತಿಯನ್ನು ಮೀರಿ, ವ್ಯವಸಾಯದ ನಿವ್ವಳ ಆದಾಯವೂ 5,000 ರೂಪಾಯಿ ದಾಟಿದಲ್ಲಿ, ಎರಡನ್ನೂ ಕೂಡಿಸಿ ತೆರಿಗೆಯ ದರವನ್ನು ಗೊತ್ತುಮಾಡುವರು. ತೆರಿಗೆ ಬೀಳುವುದು ಇತರ ಆದಾಯದ ಮೇಲೆಯೇ. ಆದರೆ ದರ ಏರಬಹುದು. 1961ರ ಕಾಯಿದೆಯ ನಮೂನೆಗಳಲ್ಲಿ, 5,000 ರೂಪಾಯಿಗಿಂತ ಹೆಚ್ಚಿನ ವ್ಯವಸಾಯದ ಆದಾಯವಿದ್ದವರಿಗೆ ಸಹಜ್ ಎಂಬ ಸುಲಭ ನಮೂನೆ ಸಲ್ಲದು. 5 ಲಕ್ಷ ದಾಟಿದವರು ಜಮೀನು ಯಾವ ಜಿಲ್ಲೆಯದು, ಎಷ್ಟು ಎಕರೆ, ಸ್ವಂತದ್ದೋ ಗುತ್ತಿಗೆಯದೋ, ನೀರಾವರಿಯೋ ಮಳೆಯಾಶ್ರಯವೋ ಎಂದು ತಿಳಿಸತಕ್ಕದ್ದು. ಪಹಣಿಯಲ್ಲಿ ರಾಗಿಯೆಂದಿದ್ದು ರಿಟರ್ನಿನಲ್ಲಿ ದ್ರಾಕ್ಷಿಯ ಲಕ್ಷಗಳು ಕಂಡರೆ ಪ್ರಶ್ನೆ ಬಾರದಿರದು. ಬೆಳೆಯ ಕಲಮನ್ನು ಆಯಾ ಹಂಗಾಮಿನಲ್ಲಿಯೇ ಸರಿಪಡಿಸಿಕೊಳ್ಳುವುದು ಲೇಸು.

ಬಾಡಿಗೆಗೆ ಕೊಟ್ಟ ಮನೆ, ಅಂಗಡಿಗಳ ವಿಷಯದಲ್ಲಿ ಗ್ರಾಮ ಪಂಚಾಯತಿಯ ಕಂದಾಯದ ರಸೀತಿಗೆ ಬೆಲೆಯುಂಟು. ಈ ಕಂದಾಯವು ಆದಾಯ ತೆರಿಗೆಗೆ ಜಮೆಯಾಗುವುದೆಂದು ಕೆಲವರು ಭಾವಿಸಿರುವರು. ಅದು ಹಾಗಲ್ಲ, ಬಾಡಿಗೆಯಿಂದ ಕಳೆಯತಕ್ಕ ಮೊಬಲಗು. ತಿಂಗಳಿಗೆ 10,000ದಂತೆ ವರ್ಷಕ್ಕೆ 1,20,000 ಬಾಡಿಗೆ ಬಂದು, ಮಾಲೀಕನು 6,000 ಕಂದಾಯ ಕಟ್ಟಿದ್ದರೆ ಉಳಿಯುವುದು 1,14,000. ಇದರಲ್ಲಿ ನೂರಕ್ಕೆ 30ರಂತೆ 34,200 ಕಳೆದರೆ 79,800 ಮಾತ್ರ ಲೆಕ್ಕಕ್ಕೆ ಬರುವುದು. ಕಂದಾಯವನ್ನು ಆ ವರ್ಷದಲ್ಲಿ ಮಾಲೀಕನೇ ಕಟ್ಟಿರಬೇಕು, ಬಾಕಿಯಿದ್ದರೆ ಕಳೆಯಲಾಗದು. ಹಳೆಯ ಬಾಕಿಯನ್ನು ತೀರಿಸಿದರೆ ತೀರಿಸಿದ ವರ್ಷದಲ್ಲಿ ಕಳೆಯಬಹುದು.

ಜಮೀನನ್ನು ಮಾರುವವರು ಅಳತೆಯನ್ನು ಮೊದಲು ನೋಡಿಕೊಳ್ಳಬೇಕು. ಗ್ರಾಮಾಂತರದ ಸಾಗುವಳಿ ಭೂಮಿಯ ಮಾರಾಟದ ಲಾಭಕ್ಕೆ ತೆರಿಗೆಯಿಲ್ಲ. ಪುರಸಭೆ, ನಗರಸಭೆಗಳ ಒಳಗಿನ ಭೂಮಿಯೂ, ಜನಸಂಖ್ಯೆ 10,000ಕ್ಕೆ ಮೇಲ್ಪಟ್ಟು 1 ಲಕ್ಷದವರೆಗಿನ ಪಟ್ಟಣಗಳ ಎಲ್ಲೆಯಿಂದ 2 ಕಿಲೋಮೀಟರಿನೊಳಗಿನ ಭೂಮಿಯೂ ಗ್ರಾಮಾಂತರವೆನಿಸದು. 2011ರ ಜನಗಣತಿಯಂತೆ ಈ ನಾಲ್ಕೂ ತಾಲ್ಲೂಕು ಕೇಂದ್ರಗಳು ಈ ವರ್ಗಕ್ಕೆ ಸೇರಿದವು. ಜನಸಂಖ್ಯೆ 10 ಲಕ್ಷ ಮೀರಿದ ನಗರಕ್ಕೆ ಈ ಅಂತರವು 8 ಕಿಲೋಮೀಟರು. ಬೆಂಗಳೂರಿನ ಅಂಚಿನ ಹಳ್ಳಿಗಳು ಇದನ್ನು ಗಮನಿಸಬೇಕು. ಅಂತರವನ್ನು ಬಸ್ಸಿನ ರಸ್ತೆಯ ಮೇಲಲ್ಲ, ಆಕಾಶಮಾರ್ಗದ ನೇರ ಗೆರೆಯಲ್ಲಿ ಅಳೆಯುವರು. ಕರಾರುಪತ್ರಕ್ಕೆ ರುಜು ಹಾಕುವ ಮುನ್ನವೇ ತಹಶೀಲ್ದಾರರ ಕಚೇರಿಯಲ್ಲಿ ಸರ್ವೆ ನಂಬರಿನ ದೂರದ ದೃಢೀಕರಣವನ್ನು ಕೇಳಿ ಇಟ್ಟುಕೊಳ್ಳತಕ್ಕದ್ದು.