ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಓದಿನ ದಾರಿಗಳು

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಕಣ್ಣು ಸರಿಯಾಗಿ ಕಾಣದ ನಮ್ಮ ಬೀದಿಯ ಅಣ್ಣನೊಬ್ಬನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದುಕೊಟ್ಟೆ. ಉತ್ತರ ಅವನದು, ಬರವಣಿಗೆ ಮಾತ್ರ ನನ್ನದು. ಅವನು ಪಾಸಾದ, ಆದರೆ ಮುಂದೆ ಓದದೆ ಮನೆಯಲ್ಲೇ ಉಳಿದ. ಮುಂದೆ ಏನು ದಾರಿಯಿದೆ ಎಂದು ಅವನ ಮನೆಯವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆಮೇಲೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದೆ. ಆಟಿಸಂ ಇದೆ, ಓದು, ಬರಹ, ಲೆಕ್ಕದಲ್ಲಿ ತೊಡಕಾಗುವ ಕಲಿಕಾ ನ್ಯೂನತೆಯೂ ಇದೆ. ಆದ್ದರಿಂದ ಪುಸ್ತಕ ಓದಲು ತಡವರಿಸುವ ಮಗುವನ್ನು 'ದಡ್ಡ' ಎನ್ನುವ ಮೊದಲು ಪರೀಕ್ಷೆ ಮಾಡಿಸಬೇಕು. ಶೇ. 40 ಅಥವಾ ಹೆಚ್ಚು ಅಂಗವಿಕಲತೆ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿದೆ.

ಶಾಲೆಯ ಹಂತದಲ್ಲಿ ನಾಲ್ಕು ದಾರಿಗಳಿವೆ:

1. ಹತ್ತಿರದ ಸಾಮಾನ್ಯ ಶಾಲೆ. ಇಲ್ಲಿ ನೆರವಾಗಲು ಬ್ಲಾಕ್ ಮಟ್ಟದಲ್ಲಿ ಸಂಪನ್ಮೂಲ ಶಿಕ್ಷಕರಿರುತ್ತಾರೆ.
2. ವಿಶೇಷ ಶಾಲೆ.
3. ತೀವ್ರ ಅಂಗವಿಕಲತೆ ಇರುವವರಿಗೆ ಮನೆಯಲ್ಲೇ ಶಿಕ್ಷಣ.
4. ಎನ್‌ಐಒಎಸ್ ಮುಕ್ತ ಶಾಲೆ. ಇಲ್ಲಿ ವಿಷಯಗಳನ್ನು ಒಂದೊಂದಾಗಿ ಬರೆದು ಪಾಸಾಗಬಹುದು.

ಪರೀಕ್ಷೆಯಲ್ಲಿ ಬರೆಯುವ ಸಹಾಯಕರು, ಹೆಚ್ಚುವರಿ ಸಮಯ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ ಕಾಯ್ದೆಯಲ್ಲೇ ಇವೆ. 2018ರ ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು. ಭಾಷಾ ವಿನಾಯಿತಿ ಸಣ್ಣ ವಿಷಯವಲ್ಲ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಕಲಿಯುವುದು ನಮಗೇ ಕಷ್ಟ. ಕಿವಿ ಕೇಳದ ಮಗುವಿಗೆ ಅದು ಎಷ್ಟು ಭಾರ ಎಂದು ಯೋಚಿಸಿ.

ಎಸ್ಸೆಸ್ಸೆಲ್ಸಿ ನಂತರ ನಮ್ಮಂತೆ ಪಿಯುಸಿ ಸೇರಬಹುದು. ಮೈಸೂರಿನಲ್ಲಿ ಅಂಗವಿಕಲರಿಗಾಗಿಯೇ ಇರುವ ಜೆಎಸ್‌ಎಸ್ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಓದಬಹುದು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ಕ್ಕೆ ಕಡಿಮೆಯಿಲ್ಲದ ಸೀಟು ಮೀಸಲಿದೆ.

ಇವುಗಳಲ್ಲಿ ಹೆಚ್ಚಿನವಕ್ಕೆ ಯುಡಿಐಡಿ ಕಾರ್ಡ್ ಅಥವಾ ಅಂಗವಿಕಲತೆಯ ಪ್ರಮಾಣಪತ್ರ ಬೇಕು. ಹನಗೋಡಿನಂಥ ಊರಿನವರು ಮೊದಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಬಹುದು. ಮಾತು ಮತ್ತು ಶ್ರವಣದ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಗೆಳೆಯರೇ, ಸಹಾಯಕರಾಗಿ ಬರೆಯುವವರು ಕೆಳಗಿನ ತರಗತಿಯವರಾಗಿರಬೇಕು. ಅಂದರೆ ಪ್ರಥಮ ಪಿಯುಸಿಯವರು ದ್ವಿತೀಯ ಪಿಯುಸಿಯವರಿಗೆ ಬರೆದುಕೊಡಬಹುದು. ಯಾರಾದರೂ ಕೇಳಿದರೆ ಇಲ್ಲ ಎನ್ನಬೇಡಿ. ಪರೀಕ್ಷೆ ಮುಗಿದ ಮೇಲೆ 'ಮುಂದೆ ಏನು ಓದುತ್ತೀಯ?' ಎಂದೂ ಕೇಳಿ. ನಾನು ಅದನ್ನು ಕೇಳಿರಲಿಲ್ಲ.