ವೆನಿಸ್‌ನಲ್ಲಿ ಕಟ್ಟದೇ ಉಳಿದ ಆಸ್ಪತ್ರೆ

ಈ ಊರಲ್ಲಿ ಆಂಬುಲೆನ್ಸ್ ಬರುವುದು ನೀರಿನ ಮೇಲೆ. ಇಟಲಿಯ ವೆನಿಸ್. ಓಣಿಗಳಲ್ಲಿ ಕಾರಿಗೆ ಜಾಗವಿಲ್ಲ. ಚರ್ಚಿನ ಗೋಪುರ, ಗುಮ್ಮಟ ಬಿಟ್ಟರೆ ತಲೆಯೆತ್ತಿ ನಿಂತ ಕಟ್ಟಡಗಳೂ ಕಡಿಮೆ. ಇಂಥ ಊರಿಗೊಂದು ಹೊಸ ದೊಡ್ಡಾಸ್ಪತ್ರೆ ಬೇಕೆಂದಾಗ ಕೆಲಸ ಹೋದದ್ದು ಲ ಕಾರ್ಬೂಸಿಯೆ ಕೈಗೆ. ಹೌದು, ಚಂಡೀಗಢದ ಅಗಲ ರಸ್ತೆಗಳ ನಕ್ಷೆ ಬರೆದ ಅದೇ ವಾಸ್ತುಶಿಲ್ಪಿ. ವೆನಿಸ್ಸಿನವರು ಕೊಂಚ ಅಂಜಿದ್ದರೆ ಆಶ್ಚರ್ಯವಿಲ್ಲ.

ಆದರೆ 1964–65ರ ಆಸ್ಪತ್ರೆಯ ನಕ್ಷೆಯಲ್ಲಿ ಗಗನಚುಂಬಿಯ ಸುಳಿವೇ ಇಲ್ಲ!

ರೈಲು ನಿಲ್ದಾಣಕ್ಕೆ ಹತ್ತಿರದ ಸಾನ್ ಜೋಬೆ, ಹಳೆಯ ಕಸಾಯಿಖಾನೆಯ ಜಾಗ. ಅಲ್ಲಿ ಆಸ್ಪತ್ರೆ ಚಾಪೆ ಬಿಚ್ಚಿದಂತೆ ಅಡ್ಡಕ್ಕೆ ಹರಡಿಕೊಳ್ಳುತ್ತದೆ; ಒಂದು ಭಾಗ ಕಂಬಗಳನ್ನೂರಿ ಲಗೂನ್ ನೀರಿನ ಮೇಲೂ ಚಾಚುತ್ತದೆ. ಎತ್ತರ ಸುಮಾರು 14 ಮೀಟರ್, ಸುತ್ತಲಿನ ಮನೆಗಳ ಸೂರಿಗೆ ಸಮ. ಒಳಗಿನ ಓಡಾಟದ ದಾರಿಗಳಿಗೂ ಊರ ಓಣಿಯ ಹೆಸರೇ, ‘ಕಾಲೆ’. ಓಣಿಗಳು ಕೂಡುವಲ್ಲಿ ಪುಟ್ಟ ಚೌಕ, ‘ಕಾಂಪಿಯೆಲ್ಲೊ’. ನೆಲಮಟ್ಟದಲ್ಲಿ ದೋಣಿಗಳಿಗೆ ಬಾಗಿಲು, ನಡುವೆ ಚಿಕಿತ್ಸಾ ವಿಭಾಗ, ಮೇಲಂತಸ್ತಿನಲ್ಲಿ ರೋಗಿಗಳು.

ವಿಚಿತ್ರವೆಂದರೆ ರೋಗಿಯ ಕೋಣೆಗೆ ಕಿಟಕಿಯಿಲ್ಲ. ಮಲಗಿದವರ ಕಣ್ಣು ಚಾವಣಿಯತ್ತ ತಾನೆ? ಬೆಳಕೂ ಅಲ್ಲಿಂದಲೇ ಇಳಿಯಲಿ, ಬಣ್ಣದ ಹಲಗೆಗೆ ತಾಗಿ ಬರಲಿ ಎಂಬುದು ಕಾರ್ಬೂಸಿಯೆ ಲೆಕ್ಕ. ಕಾಗದದ ಮೇಲೆ ಸೊಗಸಾಗಿದೆ. ಆದರೆ ವಾರಗಟ್ಟಲೆ ಮಲಗಿದವರಿಗೆ ಪಕ್ಕದ ನೀರೇ ಕಾಣದಿದ್ದರೆ ಹೇಗೆ?

ಆ ಪರೀಕ್ಷೆ ನಡೆಯಲೇ ಇಲ್ಲ. 1965ರ ಆಗಸ್ಟ್‌ನಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಈಜುತ್ತಿದ್ದಾಗ ಕಾರ್ಬೂಸಿಯೆ ತೀರಿಕೊಂಡರು. ಸಹೋದ್ಯೋಗಿ ಗಿಯೆರ್ಮೊ ಹುಲಿಯಾನ್ ದೆ ಲಾ ಫುವೆಂತೆ ನಕ್ಷೆಯನ್ನು ಮುಂದುವರಿಸಿದರು. 1970ರ ದಶಕದಲ್ಲಿ ಯೋಜನೆಯನ್ನೇ ಕೈಬಿಡಲಾಯಿತು. ಕಸಾಯಿಖಾನೆಯ ಹಳೆಯ ಕಟ್ಟಡಗಳಲ್ಲಿ ಈಗ ಕಾ ಫೋಸ್ಕಾರಿ ವಿಶ್ವವಿದ್ಯಾಲಯದ ಪಾಠ ನಡೆಯುತ್ತಿದೆ.