ಬಾಲ್ಯದ ಪೆಟ್ಟು ಆಯಸ್ಸಿಗೂ ತಟ್ಟುತ್ತದೆಯೇ?

ಪ್ರಶ್ನೆ: ಚಿಕ್ಕಂದಿನಲ್ಲಿ ತುಂಬ ಕಷ್ಟ ಉಂಡವರಿಗೆ ಮುಂದೆ ಕಾಯಿಲೆ ಹೆಚ್ಚು, ಆಯಸ್ಸು ಕಡಿಮೆ ಎನ್ನುತ್ತಾರೆ. ಅದಕ್ಕೆ ದುಶ್ಚಟಗಳೇ ಕಾರಣ ಇರಬಹುದಲ್ಲವೇ?

ಉತ್ತರ: ಒಂದು ಪಾಲು ಹೌದು. 1998ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು ಸಾವಿರಾರು ವಯಸ್ಕರ ಬಾಲ್ಯವನ್ನು ವಿಚಾರಿಸಿದರು. ದೌರ್ಜನ್ಯ, ಮನೆಯವರ ಕುಡಿತ, ತಾಯಿಗೆ ಬೀಳುವ ಏಟು ಇಂಥವು ಹೆಚ್ಚಿದಷ್ಟೂ ಹೃದ್ರೋಗ, ಶ್ವಾಸಕೋಶದ ಕಾಯಿಲೆಗಳು ಹೆಚ್ಚಿದ್ದವು. ಸಿಗರೇಟು, ಮದ್ಯದ ಚಟವೂ ಹೆಚ್ಚಿತ್ತು.

ಆದರೆ ಬಬೂನ್ ಮಂಗಗಳು ಸೇದುವುದಿಲ್ಲ, ಕುಡಿಯುವುದಿಲ್ಲ. ಕೀನ್ಯಾದ ಅಂಬೊಸೆಲಿಯಲ್ಲಿ 1971ರಿಂದ ವಿಜ್ಞಾನಿಗಳು ಒಂದೊಂದು ಬಬೂನನ್ನೂ ಗುರುತಿಟ್ಟು ಹುಟ್ಟು–ಸಾವಿನ ಲೆಕ್ಕ ಇಡುತ್ತಿದ್ದಾರೆ. ಹುಟ್ಟಿದ ವರ್ಷವೇ ಬರ, ಎಳವೆಯಲ್ಲೇ ತಾಯಿಯ ಸಾವು, ಗುಂಪಿನಲ್ಲಿ ತಾಯಿಗೆ ಕೆಳಗಿನ ಸ್ಥಾನ, ಬೆನ್ನಹಿಂದೆಯೇ ಹುಟ್ಟಿದ ಇನ್ನೊಂದು ಮರಿ: ಇಂಥ ಮೂರು ಅಥವಾ ಹೆಚ್ಚು ಕಷ್ಟ ಕಂಡ ಹೆಣ್ಣುಗಳು, ಹೆಚ್ಚೆಂದರೆ ಒಂದನ್ನು ಕಂಡವುಗಳಿಗಿಂತ ಸರಾಸರಿ 10 ವರ್ಷ ಮೊದಲೇ ಸತ್ತವು ಎಂದು 2016ರಲ್ಲಿ ಪ್ರಕಟವಾಯಿತು. ಮರಿಯಾಗಿದ್ದಾಗಲೇ ಸತ್ತವುಗಳನ್ನು ಇದರಲ್ಲಿ ಸೇರಿಸಿಲ್ಲ. ಬೆಳೆದು ದೊಡ್ಡವಾದವುಗಳ ಮಾತಿದು. ನನ್ನನ್ನು ಹೆಚ್ಚು ಕಲಕಿದ್ದೂ ಅದೇ. ಅವುಗಳ ಹಿಕ್ಕೆಯನ್ನು ಸಂಗ್ರಹಿಸಿ ಪರೀಕ್ಷಿಸಿದಾಗ, ಕಷ್ಟದ ಬಾಲ್ಯ ಕಂಡವುಗಳಲ್ಲಿ ಒತ್ತಡದ ಹಾರ್ಮೋನು ದೊಡ್ಡವಾದ ಮೇಲೂ ಹೆಚ್ಚೇ ಇತ್ತು. ಮನುಷ್ಯರಲ್ಲೂ ಈ ಹಾರ್ಮೋನು ಬಹುಕಾಲ ಏರಿಯೇ ಇದ್ದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ರೋಗನಿರೋಧಕ ಶಕ್ತಿಯ ಏರುಪೇರಿಗೆ ದಾರಿಯಾಗುತ್ತದೆ.

ಬಾಲ್ಯದಲ್ಲಿ ನೊಂದವರು ಇದನ್ನು ಓದಿ ಎದೆಗುಂದಬಾರದು. ಇವು ಸರಾಸರಿಗಳು, ಯಾರ ಹಣೆಬರಹವೂ ಅಲ್ಲ. ಅದೇ ಅಂಬೊಸೆಲಿಯಲ್ಲಿ, ದೊಡ್ಡವಾದ ಮೇಲೆ ಗಟ್ಟಿ ಒಡನಾಟ ಕಟ್ಟಿಕೊಂಡ ಹೆಣ್ಣುಗಳು, ಬಾಲ್ಯ ಹೇಗೇ ಇದ್ದರೂ, ಹೆಚ್ಚು ಕಾಲ ಬದುಕಿದವು.